ಟೇಟ್ ಮಾಡರ್ನ್: ಸ್ಪೇರ್ ಪಾರ್ಟ್ಸ್ ಅಂಗಡಿಯವನು ಕಂಡಂತೆ

ನನ್ನ ಮಟ್ಟಿಗೆ ಚಿತ್ರಕಲೆ ಅಂದರೆ ಕ್ಯಾಲೆಂಡರ್. ಟೈರ್ ಕಂಪನಿಯದ್ದು ಒಂದು, ಆಯಿಲ್ ಕಂಪನಿಯದ್ದು ಒಂದು, ಬ್ಯಾಂಕಿನದ್ದು ಒಂದು. ಭದ್ರಾವತಿಯಲ್ಲಿ 31 ವರ್ಷ ಲಾರಿ, ಕಾರುಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿದ್ದೆ. ಅಷ್ಟು ವರ್ಷವೂ ಗೋಡೆಯ ಮೇಲೆ ಇದ್ದದ್ದು ಅವೇ. ವರ್ಷ ಮುಗಿದ ಮೇಲೆ ಆ ಹಾಳೆಯಲ್ಲೇ ಬೇರಿಂಗ್ ಸುತ್ತಿ ಕೊಡುತ್ತಿದ್ದೆ.

ಈಗ ತಂಗಿ ಮಗ ಲಂಡನ್ನಿಗೆ ಓದಲು ಹೊರಟಿದ್ದಾನೆ. "ಮಾವ, ನೀವು ಅಲ್ಲಿ ಯಾವುದೋ ಆರ್ಟ್ ಮ್ಯೂಸಿಯಂ ನೋಡಿ ಬಂದು ಮೂರು ತಿಂಗಳು ಅದನ್ನೇ ಹೇಳ್ತಿದ್ರಲ್ಲ, ನಿಜಕ್ಕೂ ಚೆನ್ನಾಗಿದ್ಯಾ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಮ್ಯೂಸಿಯಂ ಹೆಸರು ಟೇಟ್ ಮಾಡರ್ನ್. ನಾನು ನೋಡಿದ್ದು 2017ರ ಮೇ ತಿಂಗಳಲ್ಲಿ. ಅಲ್ಲಿ ಕೃತಿಗಳನ್ನು ಆಗಾಗ ಬದಲಾಯಿಸುತ್ತಾರೆ. ನಾನು ನೋಡಿದ್ದೇ ನಿಮಗೂ ಸಿಗುತ್ತದೆ ಅಂದುಕೊಂಡು ಹೋಗಬೇಡಿ.

ಹೋಗಲು ನನಗೆ ಮನಸ್ಸೇ ಇರಲಿಲ್ಲ. ಅದಕ್ಕೆ ಒಂದು ಹಳೆಯ ಕಾರಣ ಇದೆ. ಒಮ್ಮೆ ಬೆಂಗಳೂರಿಗೆ ಮಾಲು ತರಲು ಹೋದಾಗ ಮಳೆ ಹಿಡಿಯಿತು. ಪಕ್ಕದಲ್ಲೇ ಒಂದು ಆರ್ಟ್ ಗ್ಯಾಲರಿ ಇತ್ತು, ಹೆಸರು ಬೇಡ. ಬಾಗಿಲು ತೆಗೆದಿತ್ತು, ಒಳಗೆ ಹೋದೆ. ಕೈಯಲ್ಲಿ ಕ್ಲಚ್ ಪ್ಲೇಟಿನ ಡಬ್ಬ. ಮೇಜಿನ ಹಿಂದಿದ್ದ ಹುಡುಗಿ ನನ್ನನ್ನು, ಡಬ್ಬವನ್ನು, ಕಾಲಿನ ಕೆಸರನ್ನು ನೋಡಿ "ಡೆಲಿವರಿನಾ? ಹಿಂದಿನ ಗೇಟಿಗೆ ಹೋಗಿ" ಎಂದಳು. ಮಳೆಯಲ್ಲೇ ಹೊರಗೆ ಬಂದೆ. ಆಮೇಲೆ ಅಂಥ ಬಾಗಿಲು ನೋಡಿದರೆ ಕಾಲು ತಾನಾಗಿ ಬೇರೆ ಕಡೆ ತಿರುಗುತ್ತಿತ್ತು.

ಮಗಳು ಬಿಡಲಿಲ್ಲ. "ಅಪ್ಪಾ, ಅದು ಮೊದಲು ಕರೆಂಟ್ ಫ್ಯಾಕ್ಟರಿ ಆಗಿತ್ತು. ಚಿತ್ರ ಬೇಡ, ಕಟ್ಟಡ ನೋಡು" ಎಂದಳು. ನನ್ನನ್ನು ಹೇಗೆ ಎಬ್ಬಿಸಬೇಕು ಅಂತ ಅವಳಿಗೆ ಗೊತ್ತು.

ಸೇಂಟ್ ಪಾಲ್ಸ್ ಚರ್ಚಿನ ಕಡೆಯಿಂದ ಥೇಮ್ಸ್ ನದಿಯ ಕಾಲುಸೇತುವೆ ದಾಟಿದರೆ ಎದುರಿಗೇ ಇದೆ. ಇಟ್ಟಿಗೆಯ ದೊಡ್ಡ ಗೋಡೆ, ಮಧ್ಯದಲ್ಲಿ 99 ಮೀಟರ್ ಚಿಮಣಿ. ಕಟ್ಟಿಸಿದ್ದು ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ ಅಂತ. ಎಣ್ಣೆ ಉರಿಸಿ ಕರೆಂಟ್ ತಯಾರಿಸುತ್ತಿದ್ದರು. ವಿನ್ಯಾಸ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬವರದ್ದು. ಲಂಡನ್ನಿನ ಕೆಂಪು ಟೆಲಿಫೋನ್ ಡಬ್ಬವೂ ಅವರದ್ದೇ ಅಂತೆ. 1981ರಲ್ಲಿ ಮುಚ್ಚಿತು. ಕೆಡವಿ ಅಪಾರ್ಟ್‌ಮೆಂಟ್ ಕಟ್ಟದೆ 2000ದಲ್ಲಿ ಮ್ಯೂಸಿಯಂ ಮಾಡಿದರು. ಕಾಗದದ ಕಾರ್ಖಾನೆ ಮುಚ್ಚಿದ್ದನ್ನೂ, ಉಕ್ಕಿನ ಕಾರ್ಖಾನೆ ಕುಂಟುವುದನ್ನೂ ನೋಡಿದ ಊರಿನವನಿಗೆ ಇದು ಸಣ್ಣ ಮಾತಲ್ಲ.

ಪಶ್ಚಿಮದ ಬಾಗಿಲಿನಿಂದಲೇ ಹೋಗಿ. ನೆಲ ಇಳಿಜಾರಾಗಿ ಒಳಗೆ ಕರೆದುಕೊಂಡು ಹೋಗುತ್ತದೆ. ಅದೇ ಟರ್ಬೈನ್ ಹಾಲ್. 35 ಮೀಟರ್ ಎತ್ತರ, ಸುಮಾರು 150 ಮೀಟರ್ ಉದ್ದ. ನಾವು ಹೋದ ದಿನ ಅಲ್ಲಿ ಏನೂ ಇರಲಿಲ್ಲ. ಮಕ್ಕಳು ಇಳಿಜಾರಿನಲ್ಲಿ ಉರುಳಾಡುತ್ತಿದ್ದರು, ದೊಡ್ಡವರು ನೆಲದ ಮೇಲೆ ಮಲಗಿದ್ದರು. ಟಿಕೆಟ್ ಕೇಳುವವರಿಲ್ಲ. ಖಾಯಂ ಸಂಗ್ರಹ ನೋಡಲು ದುಡ್ಡಿಲ್ಲ, ವಿಶೇಷ ಪ್ರದರ್ಶನಕ್ಕೆ ಮಾತ್ರ ಟಿಕೆಟ್. ನನ್ನ ಕಾಲು ನೋಡುವವರೂ ಯಾರೂ ಇರಲಿಲ್ಲ. ಅಲ್ಲಿಗೇ ಅರ್ಧ ಹೆದರಿಕೆ ಹೋಯಿತು.

ನೆಲದ ಮೇಲೆ ಉದ್ದಕ್ಕೂ ಬಿರುಕು ಮುಚ್ಚಿದ ತೇಪೆ ಕಾಣಿಸಿತು. "ಕಂಟ್ರಾಕ್ಟರ್ ಕೆಟ್ಟ ಕೆಲಸ ಮಾಡಿದ್ದಾನೆ" ಎಂದೆ. ಮಗಳು ನಕ್ಕಳು. ಕೊಲಂಬಿಯಾ ದೇಶದ ಡೋರಿಸ್ ಸಾಲ್ಸೆಡೊ ಎಂಬ ಕಲಾವಿದೆ 2007ರಲ್ಲಿ ಬೇಕೆಂದೇ ಆ ನೆಲ ಸೀಳಿದ್ದರಂತೆ. ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಬಿರುಕು. ಪ್ರದರ್ಶನ ಮುಗಿದ ಮೇಲೆ ಸಿಮೆಂಟ್ ತುಂಬಿದರು, ಗಾಯದ ಗುರುತು ಉಳಿಯಿತು. ವಲಸೆ ಬಂದವರನ್ನು ಬೇರೆ ಇಡುವುದರ ಬಗ್ಗೆ ಅದು ಅಂತ ಹೇಳಿದಳು. ಆ ಅರ್ಥ ನನಗೆ ಅಷ್ಟಾಗಿ ತಲೆಗೆ ಹತ್ತಲಿಲ್ಲ. ಆದರೆ ಗುರುತು ಹಾಗೇ ಬಿಟ್ಟಿದ್ದು ಹಿಡಿಸಿತು.

ಮೇಲೆ ಹೋದರೆ ಇಟ್ಟಿಗೆ. ನೆಲದ ಮೇಲೆ 120 ಇಟ್ಟಿಗೆ, ಎರಡು ವರಸೆ, ಉದ್ದಕ್ಕೆ ಜೋಡಿಸಿಟ್ಟಿದ್ದಾರೆ. ಸಿಮೆಂಟಿಲ್ಲ, ಏನಿಲ್ಲ. ಅಮೆರಿಕದ ಕಾರ್ಲ್ ಆಂಡ್ರೆ ಅವರದ್ದು, 1966ರ ಕೃತಿ. ಈ ಮ್ಯೂಸಿಯಂ ಆಗುವ ಮೊದಲೇ, 1972ರಲ್ಲಿ, ಇದನ್ನು ನಡೆಸುವ ಟೇಟ್ ಸಂಸ್ಥೆಯವರು ದುಡ್ಡು ಕೊಟ್ಟು ಕೊಂಡರು. 1976ರಲ್ಲಿ ಪತ್ರಿಕೆಗಳಿಗೆ ಗೊತ್ತಾಗಿ, ಜನರ ದುಡ್ಡಲ್ಲಿ ಇಟ್ಟಿಗೆ ತಗೊಂಡ್ರಾ ಅಂತ ದೊಡ್ಡ ಗಲಾಟೆ. ನಾನು ಬಗ್ಗಿ ನೋಡಿದೆ. ಇವು ಮನೆ ಕಟ್ಟುವ ಇಟ್ಟಿಗೆ ಅಲ್ಲ, ಫೈರ್ ಬ್ರಿಕ್ಸ್. ಕುಲುಮೆಯ ಒಳಗೆ ಹಾಕುವಂಥದ್ದು. ನಮ್ಮ ತಂದೆ ಭದ್ರಾವತಿ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಇದ್ದವರು. ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಇಂಥವೇ ನಾಲ್ಕು ಇದ್ದವು. ಹೇಗೆ ಬಂದವು ಅಂತ ಈಗ ಕೇಳಬೇಡಿ.

ಇಟ್ಟಿಗೆ ಗುರುತು ಹಿಡಿದದ್ದಕ್ಕೆ ಖುಷಿಯಾಯಿತು, ಕೃತಿ ಮಾತ್ರ ಇಷ್ಟವಾಗಲಿಲ್ಲ. ಎರಡು ಸಲ ಸುತ್ತು ಹಾಕಿದೆ. ಜೋಡಣೆ ನೇರವಾಗಿದೆ, ಮೂಲೆ ಸರಿ ಕೂತಿದೆ. ಗಾರೆ ಕೆಲಸದವನಾದರೆ ಶಹಭಾಸ್ ಅನ್ನಬಹುದು. ಅದಕ್ಕಿಂತ ಜಾಸ್ತಿ ಏನೂ ಅನ್ನಿಸಲಿಲ್ಲ. ಇಷ್ಟವಾಗಲಿಲ್ಲ ಅಂತ ಹೇಳಿದರೆ ಯಾರೂ ಹೊರಗೆ ಹಾಕುವುದಿಲ್ಲ ಅಂತ ಗೊತ್ತಾಗಿದ್ದೇ ಅಲ್ಲಿ.

ರೇಡಿಯೊ ಗೋಪುರ ಮಾತ್ರ ಬಹಳ ಹಿಡಿಸಿತು. ಬ್ರೆಜಿಲ್‌ನ ಸಿಲ್ಡೊ ಮೆಯ್ರೆಲಿಸ್ ಅವರದ್ದು, 2001ರದ್ದು, ಹೆಸರು ‘ಬೇಬಲ್’. ಮಂದ ನೀಲಿ ಬೆಳಕಿನ ಕೋಣೆಯಲ್ಲಿ ನೂರಾರು ರೇಡಿಯೊಗಳನ್ನು ಬಾವಿಯ ಸುತ್ತುಗಟ್ಟೆ ಥರ ಗುಂಡಗೆ ಪೇರಿಸಿ ಛಾವಣಿಯ ಹತ್ತಿರದವರೆಗೆ ಎತ್ತಿದ್ದಾರೆ. ಕೆಳಗೆ ಮರದ ಪೆಟ್ಟಿಗೆಯ ದೊಡ್ಡ ವಾಲ್ವ್ ಸೆಟ್ಟುಗಳು. ಮೇಲೆ ಹೋಗುತ್ತಾ ಸಣ್ಣ, ಹೊಸ ಸೆಟ್ಟುಗಳು. ಎಲ್ಲವೂ ಬೇರೆ ಬೇರೆ ಸ್ಟೇಷನ್ ಹಿಡಿದು ಮೆಲ್ಲಗೆ ಮಾತಾಡುತ್ತಿವೆ. ದೂರದಿಂದ ಸಂತೆಯ ಗದ್ದಲ. ಹತ್ತಿರ ಹೋಗಿ ಒಂದಕ್ಕೆ ಕಿವಿ ಕೊಟ್ಟರೆ ಅದೊಂದೇ ಕೇಳುತ್ತದೆ. ಅಲ್ಲಿಂದ ಒಂದು ಹೆಜ್ಜೆ ಸರಿದರೆ ಮತ್ತೆ ಗದ್ದಲ.

ಅಲ್ಲಿ ಅರ್ಧ ಗಂಟೆ ಇದ್ದೆವು. "ಭದ್ರಾವತಿ ಸ್ಟೇಷನ್ ಹಿಡಿಯುತ್ತಾ ನೋಡಿ" ಎಂದಳು ನಮ್ಮನೆಯವಳು, ತಮಾಷೆಗೆ. ಮೀಡಿಯಂ ವೇವ್ 675, ನಮ್ಮ ಮನೆಯಲ್ಲಿ ಮುಳ್ಳು ಆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕೊನೆಗೆ ಆ ಸೆಟ್ಟಿನ ಗುಂಡಿಯೇ ಅಲ್ಲಿ ಅಂಟಿಕೊಂಡುಬಿಟ್ಟಿತ್ತು. ನಾನು ಕೆಳಗಿನ ಸಾಲಿನಲ್ಲಿ ಅದೇ ಥರದ್ದು ಇದೆಯೇನೋ ಅಂತ ಸುತ್ತ ಹುಡುಕಿದೆ. ಮಗಳು ಹೇಳಿದಳು: "ಅಪ್ಪನಿಗೆ ಬಕಿಂಗ್‌ಹ್ಯಾಮ್ ಅರಮನೆ ತೋರಿಸಿದರೂ ಭದ್ರಾವತಿಯೇ ಕಾಣ್ಸುತ್ತೆ."

ಮುಂದಿನದು ಹೇಳಿದರೆ ಅವಳ ಮಾತು ನಿಜ ಅಂತ ನೀವೂ ಅನ್ನುತ್ತೀರಿ.

ಇನ್ನೊಂದು ಕೋಣೆಗೆ ಕಾಲಿಟ್ಟವನು ಅಲ್ಲೇ ನಿಂತೆ. ಗೋಡೆಯ ಮೇಲೆ ಬಂಪರ್‌ಗಳು. ಕ್ರೋಮ್ ಹಾಕಿದ ಹಳೆಯ ಉಕ್ಕಿನ ಕಾರ್ ಬಂಪರ್, ಈಗಿನ ಫೈಬರಿನದ್ದಲ್ಲ. ಒಂದೆರಡಲ್ಲ, ಸುಮಾರು ಇಪ್ಪತ್ತು. ಅವನ್ನು ಹಿಡಿದು ತೂಗುಹಾಕಿರುವುದು ಕರಿ ಹಗ್ಗ. ಗೋಡೆಯ ಮೇಲೆ ಸುತ್ತಿ, ಇಳಿಬಿಟ್ಟು, ನೆಲದ ಮೇಲೆ ಗುಡ್ಡೆ ಹಾಕಿದ ಕರಿ ಹಗ್ಗ. ಗೋಡೆಯ ಚೀಟಿ ಓದುವ ಮೊದಲೇ ಗೊತ್ತಾಯಿತು. ಕೂದಲಿನ ಹಗ್ಗ! ಹೊಸ ಗಾಡಿ ತಂದವರು ದೃಷ್ಟಿ ಆಗದಿರಲಿ ಅಂತ ಬಂಪರಿಗೆ ಸುತ್ತುತ್ತಿದ್ದರಲ್ಲ, ಅದೇ.

ಅದನ್ನು ನಾನು ಎಷ್ಟು ಮಾರಿದ್ದೇನೆ! ಒಬ್ಬ ಮುದುಕ ಹೆಗಲ ಮೇಲೆ ಹಾಕಿಕೊಂಡು ತಿಂಗಳಿಗೊಮ್ಮೆ ತರುತ್ತಿದ್ದ. ಮೊಳದ ಲೆಕ್ಕದಲ್ಲಿ ತಗೊಂಡು ಕೌಂಟರ್ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆ, ಲಿಂಬೆಹಣ್ಣಿನ ದಾರದ ಪಕ್ಕ. ಗಾಡಿಗೆ ಪೂಜೆ ಮಾಡಿಸಿಕೊಂಡು ನೇರ ಅಂಗಡಿಗೆ ಬರುವವರಿದ್ದರು. ನಾನೇ ಬಗ್ಗಿ ಕಟ್ಟಿಕೊಡುತ್ತಿದ್ದೆ. ಸ್ವಲ್ಪ ಒರಟು, ಬೆರಳಿಗೆ ಚುಚ್ಚುತ್ತದೆ, ಮಳೆಗೆ ನೆಂದರೆ ಒಂದು ಥರ ವಾಸನೆ. ಗಂಟು ಹಾಕಿದರೆ ಜಾರುತ್ತದೆ, ಎರಡು ಗಂಟು ಹಾಕಬೇಕು. ನಮ್ಮನೆಯವಳು ಒಂದು ದಿನವೂ ಅದನ್ನು ಮುಟ್ಟಿದವಳಲ್ಲ.

ಕೃತಿಯ ಹೆಸರು ‘ಬಿಹೋಲ್ಡ್’. ಮಾಡಿದ್ದು 2009ರಲ್ಲಿ, ಮೊದಲು ತೋರಿಸಿದ್ದು ವೆನಿಸ್‌ನಲ್ಲಿ. ಮಾಡಿದವರು ಶೀಲಾ ಗೌಡ. ಮಗಳು ಫೋನಿನಲ್ಲಿ ನೋಡಿ, "ಅಪ್ಪಾ, ಕೂತ್ಕೋ ಮೊದಲು" ಎಂದಳು. ಬೆಂಗಳೂರಿನಲ್ಲಿ ಇರುವ ಕಲಾವಿದೆ. ಹುಟ್ಟಿದ್ದು 1957ರಲ್ಲಿ. ಎಲ್ಲಿ? ಭದ್ರಾವತಿಯಲ್ಲಿ.

ನಾನು ಕೂರಲಿಲ್ಲ. ಹತ್ತಿರ ಹೋಗಿ ಗಂಟು ನೋಡಿದೆ.

ಹಗ್ಗ ಒಟ್ಟು ನಾಲ್ಕು ಕಿಲೋಮೀಟರ್ ಅಂತೆ, ಎಲ್ಲವೂ ಕೈಯಲ್ಲಿ ಹೊಸೆದದ್ದು. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದದ್ದು ವಿಗ್ ಮಾಡಲು ಹೋಗುತ್ತದೆ. ಉಳಿದ ಗಿಡ್ಡ ಕೂದಲು ಹೀಗೆ ಹಗ್ಗವಾಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಆ ಮುದುಕನೇ ಹೇಳಿದ್ದ. ಆದರೆ ಅಷ್ಟು ವರ್ಷ ಮಾರಿದರೂ ಒಂದು ವಿಷಯ ಹೊಳೆದಿರಲಿಲ್ಲ. ನಾವು ಹಗ್ಗವನ್ನು ಬಂಪರಿಗೆ ಕಟ್ಟುತ್ತಿದ್ದೆವು, ಬಂಪರ್ ಹಗ್ಗವನ್ನು ಹೊರುತ್ತಿತ್ತು. ಇಲ್ಲಿ ತಿರುಗುಮುರುಗು. ಅಷ್ಟು ಭಾರದ ಉಕ್ಕನ್ನು ಕೂದಲು ಹೊತ್ತಿದೆ. ಬಂಪರ್ ಇರುವುದು ಗಾಡಿ ಕಾಯಲಿಕ್ಕೆ, ಕೂದಲು ಕಟ್ಟುವುದೂ ಗಾಡಿ ಕಾಯಲಿಕ್ಕೆ. ಒಂದನ್ನು ಎಂಜಿನಿಯರ್ ನಂಬುತ್ತಾನೆ, ಇನ್ನೊಂದನ್ನು ಡ್ರೈವರ್. ನನ್ನ ಅಂಗಡಿಯಲ್ಲಿ ಎರಡಕ್ಕೂ ಗಿರಾಕಿ ಒಬ್ಬನೇ.

ನಮ್ಮನೆಯವಳು ಸುಮ್ನೆ ನೋಡುತ್ತಾ ನಿಂತಿದ್ದಳು. ಆಮೇಲೆ ಮಗಳ ಕಡೆ ತಿರುಗಿ, "ತಿರುಪತಿಯಲ್ಲಿ ನಿನ್ನ ಮೊದಲ ಮುಡಿ ಕೊಟ್ವಲ್ಲ, ಅದೂ ಇದ್ರಲ್ಲಿ ಇರಬಹುದು ಕಣೇ" ಎಂದಳು. ಮಗಳು "ಛೀ, ಅಮ್ಮಾ" ಎಂದಳು. ಆದರೆ ಅವಳೂ ಬಗ್ಗಿ ನೋಡಿದಳು.

ಅಲ್ಲಿದ್ದ ಒಬ್ಬ ಬಿಳಿ ಹೆಂಗಸು ಇದೇನು ಎಂದು ನನ್ನನ್ನೇ ಕೇಳಿದರು. ನನ್ನ ಇಂಗ್ಲಿಷ್ ಬಿಲ್ ಬರೆಯುವಷ್ಟು. ಆದರೂ ಹೇಳಿದೆ. ಹೊಸ ಲಾರಿ, ಕೆಟ್ಟ ಕಣ್ಣು, ದೇವಸ್ಥಾನ, ಕೂದಲು. ಕಟ್ಟುವುದು ಹೇಗೆ ಅಂತ ಕೈಯಲ್ಲಿ ಮಾಡಿ ತೋರಿಸಿದೆ, ಎರಡು ಗಂಟು. ಕಲೆಯ ಬಗ್ಗೆ ಜೀವನದಲ್ಲಿ ನಾನು ಮಾಡಿದ ಮೊದಲ ಭಾಷಣ ಅದು. ಕ್ಲಚ್ ಪ್ಲೇಟಿನ ಡಬ್ಬ ಹಿಡಿದು ಮಳೆಯಲ್ಲಿ ನಿಂತಿದ್ದವನು ಯಾಕೋ ಆಗ ನೆನಪಾದ.

ಇನ್ನು ರಾತ್ಕೊ ಕೋಣೆ. ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೊ ನ್ಯೂಯಾರ್ಕಿನ ಒಂದು ದುಬಾರಿ ಹೋಟೆಲಿಗೆಂದು ಬರೆದು, ಆಮೇಲೆ ಕೊಡಲ್ಲ ಅಂದ ಚಿತ್ರಗಳು. ಒಂಬತ್ತನ್ನು ಟೇಟ್ ಸಂಸ್ಥೆಗೆ ಕೊಟ್ಟರು. ಅವು ಲಂಡನ್ನಿಗೆ ಬಂದಿಳಿದ ದಿನ, 1970ರ ಫೆಬ್ರವರಿ 25, ಅವರು ತೀರಿಕೊಂಡರು. ಕಡಿಮೆ ಬೆಳಕು, ದೊಡ್ಡ ದೊಡ್ಡ ಕ್ಯಾನ್ವಾಸು, ಹಳೆಯ ಕುಂಕುಮದ ಭರಣಿಯ ಒಳಗಿನ ಬಣ್ಣ. ನನಗೆ ಐದು ನಿಮಿಷ ಸಾಕಾಯಿತು. ನಮ್ಮನೆಯವಳು ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. "ಗರ್ಭಗುಡಿ ಇದ್ದ ಹಾಗಿದೆ ರೀ, ಮಾತಾಡಬೇಡಿ" ಎಂದಳು.

ವಿಡಿಯೊ ಇಟ್ಟ ಕತ್ತಲೆ ಕೋಣೆಗಳಲ್ಲಿ ಯಾವುದರಲ್ಲೂ ಎರಡು ನಿಮಿಷಕ್ಕಿಂತ ಜಾಸ್ತಿ ಕೂರಲಾಗಲಿಲ್ಲ. ಒಂದರಲ್ಲಿ ಕಣ್ಣು ಹತ್ತಿತು. ಬಿಡಿ.

2016ರಲ್ಲಿ ತೆರೆದ ಹೊಸ ಕಟ್ಟಡದ ಹತ್ತನೇ ಮಹಡಿಗೆ ಲಿಫ್ಟಿನಲ್ಲಿ ಹೋದೆವು. ಸುತ್ತ ಲಂಡನ್ ಕಾಣುತ್ತಿತ್ತು. ಜನ ಮಾತ್ರ ಪಕ್ಕದ ಗಾಜಿನ ಅಪಾರ್ಟ್‌ಮೆಂಟಿನ ಒಳಗೇ ನೋಡುತ್ತಿದ್ದರು, ನಾವೂ ನೋಡಿದೆವು. ಯಾರದೋ ಸೋಫಾ, ಯಾರದೋ ಅಡುಗೆಮನೆ. ಆ ಮನೆಯವರು ಕೇಸು ಹಾಕಿ, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಸರಿಯಾಗೇ ಆಯಿತು ಅನ್ನುತ್ತೇನೆ, ಇಣುಕಿದವರಲ್ಲಿ ನಾನೂ ಒಬ್ಬನಾದರೂ.

ತಂಗಿ ಮಗನಿಗೆ ಹೇಳಿದ್ದು ಇಷ್ಟು. ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತಾರೆ, ಆಗಲೇ ಹೋಗು. ಒಳ್ಳೆ ಬೂಟು ಹಾಕ್ಕೋ, ಸಿಕ್ಕಾಪಟ್ಟೆ ನಡೆಯಬೇಕು. ಎಲ್ಲ ನೋಡಲು ಹೋಗಬೇಡ. ನಾಲ್ಕೈದು ಕೋಣೆ ಸಾಕು. ಗೋಡೆಯ ಚೀಟಿ ಆಮೇಲೆ ಓದು, ಮೊದಲು ಅದು ಯಾವ ಸಾಮಾನಿನಿಂದ ಮಾಡಿದ್ದು ಅಂತ ನೋಡು. ಊಟ ಕಟ್ಟಿಕೊಂಡು ಹೋಗಿ ಹೊಳೆ ದಂಡೆಯಲ್ಲಿ ತಿನ್ನು. ನಾವು ಚಿತ್ರಾನ್ನ ತಿಂದೆವು. ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ನಾಲ್ಕೂವರೆ. ಅರ್ಧ ಕಳೆದಿದ್ದು ಇಟ್ಟಿಗೆಗೆ.

ಅವತ್ತು ಹೊಳೆ ದಂಡೆಯಿಂದಲೇ ಈಗ ನನ್ನ ಅಂಗಡಿ ನಡೆಸುವ ಹುಡುಗನಿಗೆ ಫೋನ್ ಮಾಡಿದೆ. ಭದ್ರಾವತಿಯಲ್ಲಿ ಅಂಗಡಿ ಮುಚ್ಚುವ ಹೊತ್ತು.

"ಆ ಮೊಳೆಗೆ ಕೂದಲಿನ ಹಗ್ಗ ಇತ್ತಲ್ಲ, ಇದೆಯೇನೋ?"

"ಅದನ್ನ ಈಗ ಯಾರು ಕೇಳ್ತಾರೆ ಸಾರ್? ನೈಲಾನಿಂದು ಬರುತ್ತೆ. ಹಳೇದು ಒಂದು ಮೂರು ಮೊಳ ಅಟ್ಟದ ಮೇಲೆ ಬಿದ್ದಿರ್ಬೇಕು. ಯಾಕೆ, ಅಲ್ಲಿ ಕಾರ್ ತಗೊಂಡ್ರಾ?"

"ಇಲ್ಲ ಮಾರಾಯ. ಎಸಿಬೇಡ, ಇಟ್ಟಿರು" ಎಂದೆ.