ಸೆಡೇಶನ್ ಕೊಠಡಿಗೆ ಪೋರ್ಟಬಲ್ ಕ್ಯಾಪ್ನೋಗ್ರಾಫ್: ಕೊಳ್ಳುವ ಮುನ್ನ ಏನು ನೋಡಬೇಕು

ಎಂಡೋಸ್ಕೋಪಿ, ಹಲ್ಲಿನ ಚಿಕಿತ್ಸೆ, ಸಣ್ಣಪುಟ್ಟ ಶಸ್ತ್ರಕ್ರಿಯೆ ಇವನ್ನೆಲ್ಲ ಉಸಿರಿನ ಕೊಳವೆ ಹಾಕದೆ, ಮಂಪರು (ಸೆಡೇಶನ್) ಕೊಟ್ಟು ಮಾಡುವ ಕೊಠಡಿಗಳಿಗೆ ಪೋರ್ಟಬಲ್ ಕ್ಯಾಪ್ನೋಗ್ರಾಫ್, ಅಂದರೆ ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಸಾಧನ, ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ಬರೀ ಸಂಖ್ಯೆ ತೋರಿಸಿ ಅಲೆ ತೋರಿಸದ ಸಾಧನವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಇದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ಮೂಗಿಗೆ ಆಮ್ಲಜನಕ ಹರಿಯುತ್ತಿರುವಾಗ ಶ್ವಾಸಕೋಶದಲ್ಲಿ ಅದರ ದಾಸ್ತಾನು ಇರುತ್ತದೆ. ಉಸಿರು ನಿಂತರೂ ಆ ದಾಸ್ತಾನು ಕರಗುವ ತನಕ ಆಕ್ಸಿಮೀಟರ್ 98 ಎಂದೇ ತೋರಿಸುತ್ತದೆ. ದಪ್ಪ ಮೈಯವರು, ಗರ್ಭಿಣಿಯರು, ಚಿಕ್ಕ ಮಕ್ಕಳಲ್ಲಿ ದಾಸ್ತಾನು ಬೇಗ ಖಾಲಿಯಾಗುತ್ತದೆ. ಆಮೇಲೆ ಮಟ್ಟ ಇಳಿಯುವುದೂ ಕಡಿದಾಗಿಯೇ. ಕ್ಯಾಪ್ನೋಗ್ರಾಫ್ ಉಸಿರನ್ನೇ ಅಳೆಯುತ್ತದೆ: ಹೊರಬಿಟ್ಟ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಮಾರು 4.26 ಮೈಕ್ರಾನ್ ತರಂಗಾಂತರದ ಅವಗೆಂಪು ಬೆಳಕನ್ನು ಹೀರುತ್ತದೆ, ಸಾಧನ ಅದನ್ನು ಲೆಕ್ಕ ಹಾಕಿ ಗೆರೆ ಎಳೆಯುತ್ತದೆ. ಒಂದು ಉಸಿರು ತಪ್ಪಿದರೆ ಪರದೆಯ ಮೇಲೆ ಒಂದು ಅಲೆ ತಪ್ಪುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ ಮಧ್ಯಮ ಮತ್ತು ಆಳವಾದ ಸೆಡೇಶನ್‌ಗೂ ಇದು ಬೇಕು ಎಂದು 2011ರಿಂದಲೇ ತನ್ನ ಮಾನದಂಡದಲ್ಲಿ ಸೇರಿಸಿದೆ.

ಸಾಧನಗಳಲ್ಲಿ ಎರಡು ಬಗೆ. ಮೇನ್‌ಸ್ಟ್ರೀಮ್‌ನಲ್ಲಿ ಸೆನ್ಸರ್ ಉಸಿರಿನ ಕೊಳವೆಯ ಬಾಯಲ್ಲೇ ಕೂರುತ್ತದೆ. ಅದು ತಡವಿಲ್ಲದೆ ಓದುತ್ತದೆ, ಆದರೆ ಭಾರ, ಮತ್ತು ಕೊಳವೆ ಹಾಕದ ರೋಗಿಗೆ ಹೊಂದುವುದು ಕಷ್ಟ. ಸೆಡೇಶನ್‌ಗೆ ಸೈಡ್‌ಸ್ಟ್ರೀಮ್ ತೆಗೆದುಕೊಳ್ಳಿ. ಅದು ಸಣ್ಣ ನಳಿಕೆಯ ಮೂಲಕ ಗಾಳಿಯ ಮಾದರಿಯನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಅಲೆ ಒಂದೆರಡು ಸೆಕೆಂಡು ತಡವಾಗಿ ಮೂಡುತ್ತದೆ. ಎಳೆಯುವ ವೇಗ ನಿಮಿಷಕ್ಕೆ 50ರಿಂದ 250 ಮಿ.ಲೀ. ತನಕ ಬೇರೆಬೇರೆ. ಮಕ್ಕಳನ್ನೂ ನೋಡುವ ಜಾಗವಾದರೆ 50ರದ್ದೇ ಬೇಕು. ಒಂದು ಉಸಿರಿಗೆ 20 ಮಿ.ಲೀ. ಬಿಡುವ ಶಿಶುವಿನಿಂದ ಜೋರಾಗಿ ಎಳೆದರೆ ಸುತ್ತಲಿನ ಗಾಳಿಯೂ ಸೇರಿ, ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಸರಿಯಾದ ಅಲೆ ಹೇಗಿರುತ್ತದೆ? ಉಸಿರು ಎಳೆದುಕೊಳ್ಳುವಾಗ ಗೆರೆ ಸೊನ್ನೆಯಲ್ಲಿ ಮಲಗಿರುತ್ತದೆ. ಬಿಡತೊಡಗಿದಾಗ ನೆಟ್ಟಗೆ ಏರಿ, ಮೇಲೆ ಹೆಚ್ಚುಕಡಿಮೆ ಸಪಾಟಾಗಿ ಸಾಗಿ, ಮುಂದಿನ ಉಸಿರಿಗೆ ಒಮ್ಮೆಲೇ ಇಳಿಯುತ್ತದೆ. ಸಪಾಟಿನ ಕೊನೆಯೇ ಎಂಡ್ ಟೈಡಲ್ ಮೌಲ್ಯ. ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸ. ಮೂಗಿನ ನಳಿಕೆಯಲ್ಲಿ ಆಮ್ಲಜನಕ ಬೆರೆಯುವುದರಿಂದ ಸಪಾಟು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಮಂಪರು ಕೊಡುವ ಮುನ್ನವೇ ಆ ರೋಗಿಯ ಅಲೆಯನ್ನು ನೋಡಿಟ್ಟುಕೊಂಡರೆ ಆಮೇಲೆ ಆದ ಬದಲಾವಣೆ ಗೊತ್ತಾಗುತ್ತದೆ.

ಬರೀ ಸಂಖ್ಯೆ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ನೋವು ನಿವಾರಕ ಫೆಂಟಾನಿಲ್ ಹೆಚ್ಚಾದರೆ ಉಸಿರಿನ ಎಣಿಕೆ ಇಳಿಯುತ್ತದೆ: ಅಲೆಗಳು ದೂರದೂರ, ಎತ್ತರ ಹೆಚ್ಚು, ಸಂಖ್ಯೆ 55. ಇದು ಯಾರಿಗೂ ತಿಳಿಯುತ್ತದೆ. ಮಂಪರಿನ ಔಷಧಗಳಾದ ಪ್ರೊಪೊಫಾಲ್ ಅಥವಾ ಮಿಡಜೋಲಂನಿಂದ ಉಸಿರು ಮೇಲುಮೇಲಾದಾಗ ಮಾತ್ರ ಸಂಗತಿ ತಿರುವುಮುರುವು. ವಯಸ್ಕರಲ್ಲಿ ಗಂಟಲು, ಶ್ವಾಸನಾಳದಂಥ ಅನಿಲ ವಿನಿಮಯವಿಲ್ಲದ ಜಾಗವೇ ಸುಮಾರು 150 ಮಿ.ಲೀ. ಇದೆ. ಸಣ್ಣ ಉಸಿರು ಆ ಜಾಗದ ಗಾಳಿಯನ್ನಷ್ಟೇ ಆಚೀಚೆ ಆಡಿಸುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಪರದೆಯಲ್ಲಿ ಅಲೆ ಕುಗ್ಗಿ ಸಂಖ್ಯೆ 28ಕ್ಕೆ ಇಳಿದಿರುತ್ತದೆ. ಸಂಖ್ಯೆ ಮಾತ್ರ ಕಂಡವರು ‘ಚೆನ್ನಾಗಿ ಉಸಿರಾಡುತ್ತಿದ್ದಾರೆ’ ಎಂದುಕೊಂಡು ಇನ್ನೊಂದು ಡೋಸ್ ಕೊಡುತ್ತಾರೆ. ಅನಾಹುತವಾಗುವುದು ಇಲ್ಲೇ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚಿದಾಗಲೂ ಹಾಗೆಯೇ: ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಗೆರೆ ಮಾತ್ರ ಸೊನ್ನೆಯಲ್ಲಿರುತ್ತದೆ. ಎದೆ ಆಡುತ್ತಿದೆ ಎಂದು ಸುಮ್ಮನಿರಬಾರದು. ಏರುವ ಗೆರೆ ನೆಟ್ಟಗಾಗದೆ ಓರೆಯಾದರೆ ಶ್ವಾಸನಾಳ ಬಿಗಿದಿರಬಹುದು, ಅಸ್ತಮಾ ಇದ್ದವರಲ್ಲಿ ಇದನ್ನು ಗಮನಿಸಿ.

ಜೋಡಿಸುವಾಗ ಮೊದಲು ಸಾಧನ ಆನ್ ಮಾಡಿ ಸ್ವಯಂ ಪರೀಕ್ಷೆ ಮುಗಿಯಲು ಬಿಡಿ. ನಳಿಕೆಯನ್ನು ಬಿಗಿಯಾಗಿ ತಿರುಗಿಸಿ ಕೂರಿಸಿ, ಏಕೆಂದರೆ ಸಂದಿಯಲ್ಲಿ ಹೊರಗಿನ ಗಾಳಿ ನುಗ್ಗಿದರೆ ಸಂಖ್ಯೆ ಸುಮ್ಮನೆ ಇಳಿಯುತ್ತದೆ. ಮೂಗಿನಿಂದಲೂ ಬಾಯಿಂದಲೂ ಮಾದರಿ ಎಳೆಯುವ ಕ್ಯಾನ್ಯುಲಾ (ರೋಗಿಯ ಮುಖಕ್ಕೆ ಹಾಕುವ ನಳಿಕೆ) ಆರಿಸಿ. ಮಂಪರು ಹತ್ತಿದವರು ಬಾಯಿಂದ ಉಸಿರಾಡತೊಡಗುತ್ತಾರೆ. ಮೂಗಿಗಷ್ಟೇ ಇರುವ ಕ್ಯಾನ್ಯುಲಾ ಆಗ ಸುಳ್ಳು ಅಲಾರಂ ಕೊಡುತ್ತದೆ, ಸಿಬ್ಬಂದಿ ಬೇಸತ್ತು ಅದನ್ನು ಬಂದ್ ಮಾಡಿಬಿಡುತ್ತಾರೆ. ಅಲಾರಂ ಮಿತಿಗಳನ್ನೂ ಕಂಪನಿ ಇಟ್ಟಲ್ಲಿಗೇ ಬಿಡಬೇಡಿ. ವಯಸ್ಕರಿಗೆ ಉಸಿರಿಲ್ಲದ ಅವಧಿ 20 ಸೆಕೆಂಡು, ಉಸಿರಿನ ಎಣಿಕೆಯ ಕೆಳಮಿತಿ ನಿಮಿಷಕ್ಕೆ 8, ಎಂಡ್ ಟೈಡಲ್ ಮೇಲ್ಮಿತಿ 50 ಎಂದು ಇಟ್ಟುಕೊಂಡರೆ ಕೆಲಸ ಸಾಗುತ್ತದೆ.

ಅಲೆ ಮೂಡದೆ ಗೆರೆ ಸೊನ್ನೆಯಲ್ಲೇ ಸಪಾಟಾದರೆ ಮೊದಲು ರೋಗಿಯನ್ನು ನೋಡಿ, ಯಂತ್ರವನ್ನಲ್ಲ. ಹೆಸರು ಹಿಡಿದು ಕರೆದು ತಟ್ಟಿ, ಔಷಧ ನಿಲ್ಲಿಸಿ, ಗದ್ದ ಎತ್ತಿ, ದವಡೆಯನ್ನು ಮುಂದಕ್ಕೆ ತಳ್ಳಿ. ಅಷ್ಟಕ್ಕೇ ಅಲೆ ಮರಳುವುದು ಹೆಚ್ಚು. ಮರಳದಿದ್ದರೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಿ. ನಳಿಕೆ ಮಡಿಚಿದೆಯೇ, ತೇವ ಕಟ್ಟಿದೆಯೇ ಎನ್ನುವುದನ್ನು ಇನ್ನೊಬ್ಬರು ನೋಡಲಿ. ಫೆಂಟಾನಿಲ್‌ಗೆ ನಲೋಕ್ಸೋನ್, ಮಿಡಜೋಲಂಗೆ ಫ್ಲುಮಜೆನಿಲ್ ಕೈಗೆಟುಕುವಲ್ಲಿರಬೇಕು. ಪ್ರೊಪೊಫಾಲ್‌ಗೆ ಅಂಥ ಪ್ರತಿಮದ್ದು ಇಲ್ಲ ಎನ್ನುವುದು ನೆನಪಿರಲಿ.

ತುರ್ತಿನಲ್ಲಿ ಕೊಳವೆ ಹಾಕಬೇಕಾಗಿ ಬಂದರೂ ಇದೇ ಸಾಧನ ಅಡಾಪ್ಟರ್ ಹಾಕಿದರೆ ಕೆಲಸಕ್ಕೆ ಬರುತ್ತದೆ. ಕೊಳವೆ ಅನ್ನನಾಳಕ್ಕೆ ಹೋಗಿಲ್ಲ ಎನ್ನಲು ಕನಿಷ್ಠ 7 ಉಸಿರಿನ ತನಕ ಅಲೆ ಉಳಿಯಬೇಕು, ತುದಿ ತಳಗೆರೆಗಿಂತ 7.5 ಮಿ.ಮೀ. ಪಾದರಸವಾದರೂ ಮೇಲಿರಬೇಕು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬರೀ ಸಂಖ್ಯೆ ತೋರಿಸುವ ಸಾಧನದಲ್ಲಿ ಇದನ್ನು ಪರಿಶೀಲಿಸುವುದು ಹೇಗೆ?

ಕೊರತೆಗಳೂ ಇವೆ. ತೇವ ಮತ್ತು ಕಫ ಇದರ ದೊಡ್ಡ ಶತ್ರುಗಳು. ತೇವ ಹಿಡಿದಿಡುವ ವಾಟರ್ ಟ್ರ್ಯಾಪ್ ತುಂಬಿದರೆ ಗೆರೆ ಮಸುಕಾಗಿ ನಿಲ್ಲುತ್ತದೆ. ನೈಟ್ರಸ್ ಆಕ್ಸೈಡ್ ಬಳಸುವಲ್ಲಿ ಮೆನುವಿನಲ್ಲಿ ಅದರ ತಿದ್ದುಪಡಿ ಆನ್ ಮಾಡದಿದ್ದರೆ ಕೆಲವು ಸಾಧನಗಳು ಹೆಚ್ಚು ತೋರಿಸುತ್ತವೆ. ಕ್ಯಾನ್ಯುಲಾದಿಂದ ಬಂದ ಸಂಖ್ಯೆಯನ್ನು ರಕ್ತಪರೀಕ್ಷೆಯ ಬದಲಿಗೆ ಇಟ್ಟುಕೊಳ್ಳಲಾಗದು.

ಬೆಲೆ ಕೇಳುವಾಗ ಸಾಧನದ ಬೆಲೆಗಿಂತ ಮೊದಲು ಕ್ಯಾನ್ಯುಲಾದ ಬೆಲೆ ಕೇಳಿ. ಅದು ರೋಗಿಗೊಂದರಂತೆ ಬಿಸಾಡುವ ವಸ್ತು, ಮತ್ತು ಕೆಲವು ಕಂಪನಿಗಳ ಕನೆಕ್ಟರ್‌ಗೆ ಬೇರೆಯವರ ನಳಿಕೆ ಕೂರುವುದೇ ಇಲ್ಲ. ಮಕ್ಕಳ ಅಳತೆಯದು ಸಿಗುತ್ತದೆಯೇ, ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಲು ಯಾರು ಬರುತ್ತಾರೆ, ಕರೆಂಟ್ ಹೋದಾಗ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದನ್ನು ಬರಹದಲ್ಲಿ ಪಡೆಯಿರಿ. ಡೆಮೊಗೆ ಬಂದವರ ಮುಂದೆಯೇ ಕ್ಯಾನ್ಯುಲಾ ಹಾಕಿಕೊಂಡು ಉಸಿರು ಹಿಡಿಯಿರಿ: ಇಟ್ಟ ಸಮಯಕ್ಕೆ ಅಲಾರಂ ಕೂಗಿತೇ, ಕೊಠಡಿಯ ಆ ಮೂಲೆಯಲ್ಲಿ ನಿಂತವರಿಗೆ ಕೇಳಿಸಿತೇ, ಅಲೆ ಅಲ್ಲಿಂದ ಕಂಡಿತೇ ನೋಡಿ.