ಕನ್ನಡದಲ್ಲಿ ವೆಬ್ ಕೆಲಸದ ಬ್ಲಾಗ್ ಬರೆಯಲು ವರ್ಡ್‌ಪ್ರೆಸ್ ಎಷ್ಟು ಒದಗುತ್ತದೆ?

ಬಳ್ಳಾರಿಯ ಜೀನ್ಸ್ ಘಟಕಕ್ಕೆ, ಗಂಗಾವತಿಯ ರೈಸ್ ಮಿಲ್ಲಿಗೆ, ರಾಯಚೂರಿನ ಪಿಯು ಕಾಲೇಜಿಗೆ ವೆಬ್‌ಸೈಟ್ ಮಾಡಿಕೊಡುವವರಿಗೆ ವರ್ಡ್‌ಪ್ರೆಸ್ ದಿನನಿತ್ಯದ ಸಲಕರಣೆ. ಅದರಲ್ಲೇ ತಮ್ಮ ಕೆಲಸದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದಿಡಲು ಕೂತರೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಈ ವಿಮರ್ಶೆ. ಸ್ವಂತ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳುವ ವರ್ಡ್‌ಪ್ರೆಸ್ ಬಗ್ಗೆ ಮಾತ್ರ ಇಲ್ಲಿ ಹೇಳುತ್ತಿದ್ದೇವೆ. ನಮ್ಮ ಅಂಕ 5ಕ್ಕೆ 4. ಕಳೆದ ಒಂದು ಅಂಕ ಪೂರ್ತಿಯಾಗಿ ಸ್ಲಗ್, ಅಂದರೆ ವೆಬ್ ವಿಳಾಸದ ಕೊನೆಯಲ್ಲಿ ಬರುವ ಬರಹದ ಹೆಸರಿನ ಲೆಕ್ಕಕ್ಕೆ.

ಕನ್ನಡ ತಲೆಬರಹ ಕೊಟ್ಟರೆ ವರ್ಡ್‌ಪ್ರೆಸ್ ಅದರಿಂದಲೇ ವಿಳಾಸ ಕಟ್ಟುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ವಿಳಾಸದಲ್ಲಿ ಒಂದು ಬೈಟ್ ಎಂದರೆ ಶೇಕಡಾ ಚಿಹ್ನೆಯೂ ಸೇರಿ 3 ಅಕ್ಷರ. ‘ಬಳ್ಳಾರಿ’ ಎಂಬ ಪದವನ್ನೇ ಬಿಡಿಸಿ ನೋಡಿ: ಬ, ಳ, ಹಲಂತ, ಳ, ದೀರ್ಘ, ರ, ಗುಡಿಸು. ಕಣ್ಣಿಗೆ ಕಾಣುವುದು ಮೂರೇ ಅಕ್ಷರವಾದರೂ ಒಳಗಿರುವುದು 7 ಸಂಕೇತ, ವಿಳಾಸದಲ್ಲಿ 63 ಅಕ್ಷರ. ಡೇಟಾಬೇಸ್‌ನಲ್ಲಿ ಸ್ಲಗ್‌ಗೆ ಇರುವ ಜಾಗ 200 ಅಕ್ಷರ ಮಾತ್ರ. ಅಂದರೆ 22 ಸಂಕೇತ ಮುಗಿದ ಕೂಡಲೇ ವಿಳಾಸ ಪದದ ನಡುವೆಯೇ ತುಂಡಾಗುತ್ತದೆ. ಒಂದೇ ರೀತಿ ಶುರುವಾಗುವ ಎರಡು ಬರಹಗಳಿದ್ದರೆ ಎರಡನೆಯದರ ಬಾಲಕ್ಕೆ 2 ಎಂಬ ಅಂಕಿ ಅಂಟಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬಂದು, ಯಾರಿಗೂ ಅದನ್ನು ಒತ್ತುವ ಮನಸ್ಸಾಗುವುದಿಲ್ಲ. ಪಬ್ಲಿಷ್ ಒತ್ತುವ ಮುಂಚೆ ಬಲಬದಿಯ ಪಟ್ಟಿಯಲ್ಲಿ ಸ್ಲಗ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಮೂರ್ನಾಲ್ಕು ಪದ ಕೈಯಾರೆ ಬರೆಯಿರಿ. ಪ್ರಕಟವಾದ ಬರಹದ ಸ್ಲಗ್ ಬದಲಿಸಿದರೆ ಹಳೆ ಕೊಂಡಿಯನ್ನು ಹೊಸದಕ್ಕೆ ತಿರುಗಿಸುವ ಕೆಲಸವನ್ನು ವರ್ಡ್‌ಪ್ರೆಸ್ಸೇ ಮಾಡುತ್ತದೆ. ಕೆಟಗರಿ, ಟ್ಯಾಗ್‌ಗಳಿಗೆ ಆ ಸೌಲಭ್ಯವಿಲ್ಲ. 2014ರ ನವೆಂಬರ್ 1ರಂದು ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ‘ಬೆಲ್ಲಾರಿ’ ಹೋಗಿ ಅಧಿಕೃತವಾಗಿ ‘ಬಳ್ಳಾರಿ’ ಎಂದಾಯಿತಲ್ಲ, ಹಳೆ ಕಾಗುಣಿತದ ಕೆಟಗರಿಯನ್ನು ತಿದ್ದಿದರೆ ಅದರ ಹಳೆ ಕೊಂಡಿಗಳೆಲ್ಲ 404ಕ್ಕೆ, ಅಂದರೆ ಪುಟ ಸಿಗಲಿಲ್ಲ ಎಂಬ ದೋಷಕ್ಕೆ ಬೀಳುತ್ತವೆ. ಹಳೆ ಕೊಂಡಿಯನ್ನು ಹೊಸದಕ್ಕೆ ತಿರುಗಿಸುವ ರೀಡೈರೆಕ್ಟ್ ಬರೆದಿಟ್ಟೇ ತಿದ್ದಬೇಕು.

ಭಾಷೆಯ ಸೆಟ್ಟಿಂಗ್ ಸುಲಭ. ಸೈಟಿನ ಭಾಷೆ ಕನ್ನಡ ಇರಲಿ, ನಿಮ್ಮ ಪ್ರೊಫೈಲಿನ ಭಾಷೆ ಇಂಗ್ಲಿಷ್ ಇರಲಿ. ಆಗ ಓದುಗರಿಗೆ ತಿಂಗಳ ಹೆಸರು ಕನ್ನಡದಲ್ಲಿ ಕಾಣುತ್ತದೆ, ಪುಟದ ಭಾಷೆ ಕನ್ನಡ ಎಂದು ಬ್ರೌಸರ್‌ಗೂ ಗೊತ್ತಾಗುತ್ತದೆ, ನಿಮಗೆ ಮಾತ್ರ ಪಳಗಿದ ಇಂಗ್ಲಿಷ್ ಮೆನು. ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಕನ್ನಡಕ್ಕೆ ಅನುವಾದವಾಗಿರದಿದ್ದರೆ ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ.

ಅಕ್ಷರ ರೂಪಕ್ಕೆ ಹೆಚ್ಚು ಗಮನ ಬೇಕು. 2024ರ 6.5 ಆವೃತ್ತಿಯಿಂದ ಫಾಂಟ್ ಲೈಬ್ರರಿ ಬಂದಿದೆ. ಇಡೀ ಸೈಟನ್ನು ಬ್ಲಾಕ್ ಎಂಬ ತುಣುಕುಗಳಿಂದ ಕಟ್ಟುವ ಬ್ಲಾಕ್ ಥೀಮ್ ಇದ್ದರೆ ನೋಟೊ ಸ್ಯಾನ್ಸ್ ಕನ್ನಡವನ್ನು ಅಲ್ಲಿಂದಲೇ ಸ್ವಂತ ಸರ್ವರ್‌ಗೆ ಇಳಿಸಿಕೊಳ್ಳಬಹುದು. 400 (ಸಾಮಾನ್ಯ) ಮತ್ತು 700 (ದಪ್ಪ), ಈ ಎರಡು ತೂಕ ಸಾಕು. ಇನ್ನು ಸಾಲುಗಳ ಅಂತರ. ಥೀಮ್‌ಗಳು ಇಂಗ್ಲಿಷ್ ತಲೆಬರಹಕ್ಕೆಂದು ಇಟ್ಟಿರುವ ಬಿಗಿಯಾದ ಅಂತರ ನಮ್ಮ ಒತ್ತಕ್ಷರಕ್ಕೆ ಸಾಲದು. ‘ಸ್ವಾತಂತ್ರ್ಯ’ ಎಂದು ತಲೆಬರಹ ಕೊಟ್ಟು ನೋಡಿ, ಕೆಳಗಿನ ಎರಡು ಒತ್ತು ಮುಂದಿನ ಸಾಲಿನ ನೆತ್ತಿಗೆ ತಾಗುತ್ತವೆ. ಸಾಲಿನ ಅಂತರವನ್ನು ತಲೆಬರಹಕ್ಕೆ ಅಕ್ಷರ ಗಾತ್ರದ 1.4 ಪಟ್ಟು, ಮೈಬರಹಕ್ಕೆ 1.8 ಪಟ್ಟು ಇಡಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ. ಕೆಲವು ಥೀಮ್‌ಗಳಲ್ಲಿ ಅದು ಸೊನ್ನೆಗಿಂತ ಕೆಳಗಿದ್ದು, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ‘ನುಡಿ’ ತಂತ್ರಾಂಶದ ಹಳೆ ಕಡತದಿಂದ ಅಂಟಿಸುವುದಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ‘ಕಾರ್ಯ’, ‘ಸೂರ್ಯ’ದಂಥ ಅರ್ಕಾವತ್ತಿನ ಪದಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ.

ಬರೆಯುವ ಅಭ್ಯಾಸಕ್ಕೆ ವರ್ಡ್‌ಪ್ರೆಸ್ ಕೊಡುವ ಬಲ ದೊಡ್ಡದು, ನಾಲ್ಕು ಅಂಕ ಕೊಟ್ಟಿದ್ದು ಮುಖ್ಯವಾಗಿ ಇದಕ್ಕೇ. ವೆಬ್ ಕೆಲಸದ ಬರಹಕ್ಕೆ ದೋಷ ಸರಿಹೋದ ದಿನವೇ ಒಳ್ಳೆಯ ದಿನ. ವಾರ ಕಳೆದರೆ ಯಾವ ಆವೃತ್ತಿ, ಯಾವ ಕಡತ, ಯಾವ ಸಾಲು ಎಂಬುದೆಲ್ಲ ಮರೆತು, ಬರಹ ಬರೀ ಉಪದೇಶವಾಗುತ್ತದೆ. ‘ಕಂಡದ್ದು’, ‘ಆವೃತ್ತಿ’, ‘ಕಾರಣ’, ‘ಪರಿಹಾರ’ ಎಂಬ ನಾಲ್ಕು ಉಪಶೀರ್ಷಿಕೆಗಳನ್ನು ಒಂದು ಪ್ಯಾಟರ್ನ್ (ಮತ್ತೆ ಮತ್ತೆ ಬಳಸುವ ಸಿದ್ಧ ಅಚ್ಚು) ಆಗಿ ಉಳಿಸಿಕೊಳ್ಳಿ; ಕೆಲಸ ಮುಗಿಸಿ ಏಳುವ ಮುಂಚೆ ಇಪ್ಪತ್ತು ನಿಮಿಷದಲ್ಲಿ ತುಂಬಬಹುದು. ಪ್ಯಾಟರ್ನ್ ಮಾಡುವಾಗ ಸಿಂಕ್ ಆಫ್ ಮಾಡಲೇಬೇಕು. ಆನ್ ಇದ್ದರೆ ಇವತ್ತಿನ ಬರಹದಲ್ಲಿ ಪ್ಯಾಟರ್ನ್ ತಿದ್ದಿದ್ದು ಹಳೆ ಬರಹಗಳಲ್ಲೂ ಬದಲಾಗಿಬಿಡುತ್ತದೆ. ಡ್ರಾಫ್ಟ್ ಪ್ರತಿ 60 ಸೆಕೆಂಡಿಗೊಮ್ಮೆ ತಾನಾಗಿ ಸೇವ್ ಆಗುವುದರಿಂದ, ಬೇಸಿಗೆಯ ಸಂಜೆ ಕರೆಂಟ್ ಹೋದರೂ ಹೆಚ್ಚೆಂದರೆ ಕೊನೆಯ ಒಂದು ನಿಮಿಷದ ಬರಹ ಹೋದೀತು. ಕ್ಲೈಂಟಿನ ಡೊಮೈನ್ ಇರುವಲ್ಲಿ ಎಕ್ಸಾಂಪಲ್ ಡಾಟ್ ಕಾಮ್ ಎಂದು ಬರೆಯಿರಿ; ಉದಾಹರಣೆಗೆಂದೇ ಮೀಸಲಿಟ್ಟ ಹೆಸರದು. ಸ್ಕ್ರೀನ್‌ಶಾಟ್‌ನಲ್ಲಿ ಕೀ, ಪಾಸ್‌ವರ್ಡ್ ಕಂಡರೆ ಮಸುಕು ಮಾಡಬೇಡಿ, ಆ ಭಾಗವನ್ನೇ ಕತ್ತರಿಸಿ ತೆಗೆಯಿರಿ.

ಹುಡುಕು ಪೆಟ್ಟಿಗೆ ಪದದ ತುಣುಕನ್ನೂ ಹಿಡಿಯುವುದರಿಂದ ‘ಕೊಪ್ಪಳ’ ಎಂದರೆ ‘ಕೊಪ್ಪಳದಲ್ಲಿ’ ಸಿಗುತ್ತದೆ. ‘ಊರು’ ಎಂದರೆ ಮಾತ್ರ ‘ಊರಿನಲ್ಲಿ’ ಸಿಗುವುದಿಲ್ಲ, ಉಕಾರ ಅಲ್ಲಿ ಇಕಾರವಾಗಿರುತ್ತದೆ. ‘ಊರ’ ಎಂದು ಹುಡುಕಿದರೆ ಎರಡೂ ಬರುತ್ತವೆ.

ಫೋನಿನಲ್ಲಿ ತೆಗೆದ ದೊಡ್ಡ ಫೋಟೊವನ್ನು ಹಾಗೇ ಏರಿಸಬೇಡಿ. ಮೂಲದ ಜೊತೆಗೆ 2560 ಪಿಕ್ಸೆಲ್‌ಗೆ ಇಳಿಸಿದ್ದೊಂದು, ಮೇಲೆ 150ರಿಂದ 2048ರವರೆಗೆ ಆರು ಗಾತ್ರ, ಒಟ್ಟು 8 ಕಡತವಾಗಿ ಅಗ್ಗದ ಹೋಸ್ಟಿಂಗ್ ಜಾಗವನ್ನು ತಿನ್ನುತ್ತದೆ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಏರಿಸಿದರೆ 5 ಕಡತಕ್ಕೆ ಮುಗಿಯುತ್ತದೆ. ಬ್ಲಾಗಿಗೆ ಪೇಜ್ ಬಿಲ್ಡರ್ (ಪುಟ ಜೋಡಿಸುವ ಪ್ಲಗಿನ್) ಬೇಡವೇ ಬೇಡ: ಶಾರ್ಟ್‌ಕೋಡ್ ಬಳಸುವ ಬಿಲ್ಡರ್ ತೆಗೆದ ದಿನ ಬರಹದ ತುಂಬ ಶಾರ್ಟ್‌ಕೋಡ್, ಅಂದರೆ ಚೌಕ ಆವರಣದೊಳಗಿನ ಸಂಕೇತಗಳು ಉಳಿಯುತ್ತವೆ.

ಬ್ಯಾಕಪ್‌ಗೆ ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್ ಒಂದನ್ನೇ ನಂಬಿದರೆ ಬರಹ ಮಾತ್ರ ಉಳಿಯುತ್ತದೆ. ಆ ಎಕ್ಸ್‌ಎಂಎಲ್ ಕಡತದಲ್ಲಿ ಚಿತ್ರಗಳ ಕೊಂಡಿ ಇರುತ್ತದೆ, ಚಿತ್ರ ಇರುವುದಿಲ್ಲ. ಅಪ್‌ಲೋಡ್ಸ್ ಫೋಲ್ಡರನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು, ಅದೂ ಹೋಸ್ಟಿಂಗ್ ಅವಧಿ ಮುಗಿಯುವ ಮೊದಲು.