ಜಿಎಸ್‌ಟಿ ಮರುಪಾವತಿಗೆ ಕಲಬುರಗಿಯ ಒಂದು ಸಲಹಾ ಕಚೇರಿ

ಟ್ರ್ಯಾಕ್ಟರ್ ಕೂರಿಗೆ, ಕುಂಟೆ ತಯಾರಿಸುವ ಕಪನೂರಿನ ನಮ್ಮಂಥ ವರ್ಕ್‌ಶಾಪ್‌ಗಳ ಮಾಲಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ನಾವು ಕೊಳ್ಳುವ ಕಬ್ಬಿಣದ ಪಟ್ಟಿ, ಪೈಪುಗಳ ಮೇಲಿನದು ಶೇ 18ರಲ್ಲೇ ಇದೆ. ಹೀಗೆ ಖಾತೆಯಲ್ಲಿ ಬಳಕೆಯಾಗದೆ ಉಳಿಯುವ ಇನ್‌ಪುಟ್ ಕ್ರೆಡಿಟ್ಟನ್ನು (ಕೊಳ್ಳುವಾಗ ಕಟ್ಟಿದ, ಮಾರುವಾಗಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಾದ ತೆರಿಗೆ) ವಾಪಸು ಪಡೆಯುವ ಕೆಲಸವನ್ನು ಸೂಪರ್ ಮಾರ್ಕೆಟ್ ಹತ್ತಿರದ ತೆರಿಗೆ ಸಲಹಾ ಕಚೇರಿಯೊಂದಕ್ಕೆ ಒಪ್ಪಿಸಿದೆವು.

ಅವರಲ್ಲಿ ನನಗೆ ಹಿಡಿಸಿದ್ದು, ಶುಲ್ಕದ ಮಾತಿಗೂ ಮೊದಲು ಹೇಳಿದ ಒಂದು ಮಾತು: "ಬಾಡಿಗಿದು ಬರಲ್ಲ್ರೀ ಸರ, ಮಾಲಿಂದಷ್ಟೇ ಬರ್ತದ." ಶೆಡ್ಡಿನ ಬಾಡಿಗೆಯಂಥ ಸೇವೆಗಳಿಗೆ ಕಟ್ಟಿದ ತೆರಿಗೆಯನ್ನು ಜಿಎಸ್‌ಟಿ ನಿಯಮಾವಳಿಯ 89(5)ನೇ ನಿಯಮ ಇಂಥ ಮರುಪಾವತಿಗೆ ಪರಿಗಣಿಸುವುದಿಲ್ಲ. ಅದು ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲ, ಜಿಎಸ್‌ಟಿ ಕಾಯ್ದೆಯ 164ನೇ ಕಲಮು ಕೊಟ್ಟ ಅಧಿಕಾರದಿಂದ ಸರ್ಕಾರ ರಚಿಸಿದ ನಿಯಮ. ಕಾಯ್ದೆಯನ್ನು ಮೀರಿದ ನಿಯಮವನ್ನು ಕೋರ್ಟು ರದ್ದು ಮಾಡಬಹುದು; ಆದ್ದರಿಂದಲೇ ಬೇರೊಬ್ಬ ಸಲಹೆಗಾರರು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕೋಣವೆಂದು ನಮ್ಮಿಂದ ಮುಂಗಡ ಕೇಳಿದ್ದರು.

ಈ ಕಚೇರಿಯ ಹಿರಿಯರು ಆ ದಾರಿ ಮುಚ್ಚಿದೆಯೆಂದು ತೀರ್ಪನ್ನೇ ಮುಂದಿಟ್ಟು ವಿವರಿಸಿದರು. ನಿಯಮವು ಕಾಯ್ದೆಯನ್ನು ಮೀರಿದೆ ಎಂದು ಗುಜರಾತ್ ಹೈಕೋರ್ಟ್, ಮೀರಿಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದವು. 2021ರ ಸೆಪ್ಟೆಂಬರ್‌ನಲ್ಲಿ ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 54(3)ನೇ ಕಲಮೇ ಇಂಥ ಮರುಪಾವತಿಯನ್ನು ಸರಕುಗಳಿಗೆ ಸೀಮಿತಗೊಳಿಸಿದೆಯೆಂದು ಅರ್ಥೈಸಿ ನಿಯಮವನ್ನು ಎತ್ತಿಹಿಡಿಯಿತು. ಲೆಕ್ಕದ ಸೂತ್ರದಲ್ಲಿ ಅಸಂಗತಿ ಇದೆಯೆಂದು ಕಂಡರೂ ತಾನೇ ತಿದ್ದದೆ ಜಿಎಸ್‌ಟಿ ಮಂಡಳಿಯ ಪರಿಶೀಲನೆಗೆ ಬಿಟ್ಟಿತು. 2022ರ ಜುಲೈನಲ್ಲಿ ಸೂತ್ರ ಬದಲಾಯಿತು. ಹಾಗೆಂದು ಸರ್ಕಾರ ಹೊರಡಿಸಿದ್ದಕ್ಕೆಲ್ಲ ಕೋರ್ಟು ಮುದ್ರೆ ಒತ್ತುವುದಿಲ್ಲ: 2022ರ ಮೇ ತಿಂಗಳ ಮೋಹಿತ್ ಮಿನರಲ್ಸ್ ತೀರ್ಪಿನಲ್ಲಿ, ಹಡಗು ಬಾಡಿಗೆಯ ಮೇಲೆ ಆಮದುದಾರರಿಂದ ಪ್ರತ್ಯೇಕವಾಗಿ ವಸೂಲಿ ಮಾಡುತ್ತಿದ್ದ ತೆರಿಗೆ ಕಾಯ್ದೆಗೇ ವಿರುದ್ಧವೆನಿಸಿ ಬಿದ್ದುಹೋಯಿತು. ನಮ್ಮ ಪ್ರಕರಣದಲ್ಲಿ ಕಾಯ್ದೆ ಮತ್ತು ನಿಯಮ ಒಂದೇ ಕಡೆ ಇವೆ, ಗೆಲ್ಲಲು ಸಂದಿಯಿಲ್ಲ. ಇಷ್ಟನ್ನು ಬಿಡಿಸಿ ಹೇಳುವವರು ನಮ್ಮೂರಲ್ಲಿ ಕಡಿಮೆ. ಹೆಚ್ಚಿನವರಿಗೆ ರಿಟರ್ನ್ ತುಂಬಿದರೆ ಕೆಲಸ ಮುಗಿಯಿತು.

ಕೊರತೆಗಳೂ ಇವೆ. ಲಿಖಿತ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಷ್ಟೇ ಕೊಡುತ್ತಾರೆ, ಪ್ರತಿ ತಿಂಗಳ 20ನೇ ತಾರೀಖಿನ ಆಸುಪಾಸಿನಲ್ಲಿ ಫೋನ್ ಎತ್ತುವುದಿಲ್ಲ. ಶುಲ್ಕ ದುಬಾರಿಯೇ, ಆದರೆ ಬರುವ ಹಣದಲ್ಲಿ ಪಾಲು ಕೇಳದೆ ಅರ್ಜಿಗೆ ಇಷ್ಟೆಂದು ತೆಗೆದುಕೊಳ್ಳುತ್ತಾರೆ. ಹೋಗುವವರು ಕಬ್ಬಿಣದ ಬಿಲ್ಲುಗಳನ್ನೂ ಬಾಡಿಗೆ ಬಿಲ್ಲುಗಳನ್ನೂ ಬೇರೆ ಬೇರೆ ಫೈಲಿನಲ್ಲಿ ಒಯ್ದರೆ ಅರ್ಜಿ ಬೇಗ ಸಿದ್ಧವಾಗುತ್ತದೆ.